ಈ ಸಲವೂ ಅನಿರೀಕ್ಷಿತವಾಗಿ ಬಂದ ಗಣೇಶ

2025ರ ಯುಗಾದಿ ಭಾನುವಾರ ಬಂದಿತ್ತು. ಮಾರ್ಚ್ 30. ಒಂದು ರಜೆ ವ್ಯರ್ಥವಾಯಿತಲ್ಲ ಎಂಬ ಸಂಕಟದಲ್ಲೇ ಬೇವು ಬೆಲ್ಲ ತಿಂದು, ಒಬ್ಬಟ್ಟಿನ ಮೇಲೆ ತುಪ್ಪ ಸುರಿದುಕೊಂಡು ತಿಂದು, ಮಧ್ಯಾಹ್ನ ಮಲಗೆದ್ದು, ಸಂಜೆ ಅಮ್ಮನ ಬಲವಂತಕ್ಕೆ ಬೀದಿ ಕೊನೆಯ ದೇವಸ್ಥಾನಕ್ಕೆ ಪಂಚಾಂಗ ಶ್ರವಣಕ್ಕೆ ಹೋದೆವು. ವಿಶ್ವಾವಸು ಸಂವತ್ಸರದಲ್ಲಿ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಎಂದೆಲ್ಲ ಓದಿ ಮುಗಿಸಿದ ಪುರೋಹಿತರು ರಾಶಿವಾರು ಆಯ-ವ್ಯಯಕ್ಕೆ ಬಂದರು. ನನ್ನದು ಮೇಷ. ಆಯ 2, ವ್ಯಯ 14 ಎಂದರು. ನನ್ನ ಹಣಕಾಸಿನ ಸ್ಥಿತಿಯನ್ನು ಇಷ್ಟು ಚುಟುಕಾಗಿ ಬ್ಯಾಂಕಿನವರೂ ಹೇಳಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಡತಿಯದು ಮಿಥುನ. ಆಯ 14, ವ್ಯಯ 2. ಅವಳು ನನ್ನ ಕಡೆ ನೋಡಲಿಲ್ಲ. ಆದರೆ ನೋಡದೆ ಕೂರುವುದರಲ್ಲೂ ಒಂದು ಠೀವಿ ಇರುತ್ತದಲ್ಲ, ಅದು ಇತ್ತು. ಅಮ್ಮ ಮಾತ್ರ ಸಮಾಧಾನ ಹೇಳಿದಳು: "ಎರಡನ್ನೂ ಕೂಡು ನೋಡೋಣ. 16ಕ್ಕೆ 16 ಸರಿಹೋಯ್ತಲ್ಲ. ನಿನ್ನ ಕೈಯಿಂದ ಹೋಗಿದ್ದು ಅವಳ ಕೈಗೆ ಬಂತು ಅಂದ್ಕೋ. ಮನೇಲೇ ಇರತ್ತೆ ಬಿಡೋ."

ಆ ರಾತ್ರಿಯೇ ನಾನು ನಿರ್ಧಾರ ಮಾಡಿದೆ. ಗ್ರಹಗಳಿಗೆ ಬಿಟ್ಟರೆ ಆಗುವುದಿಲ್ಲ, ಮನೆಗೊಂದು ಬಜೆಟ್ ಬೇಕು. ಅದೂ ವಾಸ್ತವಕ್ಕೆ ಹತ್ತಿರವಾದ ಬಜೆಟ್. ಕನ್ನಡದಲ್ಲಿ ಬಜೆಟ್ಟಿಗೆ ಆಯವ್ಯಯ ಎಂದೇ ಹೆಸರು. ಅದೇ ತಿಂಗಳ 7ನೇ ತಾರೀಕು ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಆಯವ್ಯಯ ಮಂಡಿಸಿದ್ದರು. ನಾಲ್ಕು ಲಕ್ಷ ಕೋಟಿ ರೂಪಾಯಿ ಮೀರಿದ ಲೆಕ್ಕ, ಅದರಲ್ಲೂ ರಾಜಸ್ವ ಕೊರತೆ. ಹದಿನಾರು ಸಲ ಮಾಡಿದವರದ್ದೇ ಹಾಗಾದರೆ ಮೊದಲನೇ ಸಲ ಮಾಡುವ ನನಗೆ ಯಾವ ಹೆದರಿಕೆ? ಹಣಕಾಸು ಮಂತ್ರಿಗಳಿಗೂ ಪಂಚಾಂಗದವರಿಗೂ ನನಗೆ ಕಂಡ ವ್ಯತ್ಯಾಸ ಒಂದೇ. ಪಂಚಾಂಗದವರು ಕೊರತೆಯನ್ನು ಎಲ್ಲರಿಗೂ ಕೇಳಿಸುವಂತೆ ಓದುತ್ತಾರೆ.

ಬಜೆಟ್ ಮಾಡುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದೆ. ಎಲ್ಲ ಕಡೆಯೂ ಒಂದೇ ಮಂತ್ರ: 50-30-20. ಕೈಗೆ ಬಂದ ದುಡ್ಡಿನಲ್ಲಿ 50 ಭಾಗ ಅಗತ್ಯಕ್ಕೆ, 30 ಭಾಗ ಆಸೆಗೆ, 20 ಭಾಗ ಉಳಿತಾಯಕ್ಕೆ. ಈ ಸೂತ್ರವನ್ನು ಜನಪ್ರಿಯ ಮಾಡಿದವರು ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು ಅಮೇಲಿಯಾ ವಾರನ್ ತ್ಯಾಗಿ, 2005ರಲ್ಲಿ ಬಂದ ಒಂದು ಪುಸ್ತಕದಲ್ಲಿ. ವಾರನ್ ಸೆನೆಟರ್ ಆದದ್ದು ಆಮೇಲೆ. ಆಗ ಅವರು ಹಾರ್ವರ್ಡ್‌ನಲ್ಲಿ ದಿವಾಳಿ ಕಾನೂನು ಕಲಿಸುತ್ತಿದ್ದರು. ಇದನ್ನು ಓದಿದಾಗಲಾದರೂ ನಾನು ಸೂಚನೆ ಅರ್ಥ ಮಾಡಿಕೊಳ್ಳಬೇಕಿತ್ತು.

ನನಗೆ ಕೈಗೆ ಸಿಗುವ ಸಂಬಳ 72,000. ಸೂತ್ರದ ಪ್ರಕಾರ ಅಗತ್ಯಕ್ಕೆ 36,000, ಆಸೆಗೆ 21,600, ಉಳಿತಾಯಕ್ಕೆ 14,400. ಕಾಗದದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ತಿಂಗಳಿಗೆ 21,600 ರೂಪಾಯಿಗೆ ಏನೇನು ಆಸೆಪಡಬಹುದು ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತು ಯೋಚಿಸಿದೆ. ಆಮೇಲೆ ಅಗತ್ಯಗಳನ್ನು ಬರೆಯತೊಡಗಿದೆ. ಮನೆ ಸಾಲದ ಕಂತು 27,500. ಇಬ್ಬರು ಮಕ್ಕಳ ಫೀಸು ವರ್ಷಕ್ಕೆ 1,20,000, ತಿಂಗಳಿಗೆ ಹಂಚಿದರೆ 10,000. ಅಲ್ಲಿಗೆ 37,500. ಐವತ್ತು ಭಾಗದ ಗೋಡೆ ಹಾರಿ ಆಗಲೇ 1,500 ಆಚೆ ಬಿದ್ದಿದ್ದೆ. ಇನ್ನೂ ಒಲೆಯ ಮೇಲೆ ಅಕ್ಕಿ ಇಟ್ಟಿರಲಿಲ್ಲ.

ಬುದ್ಧಿವಂತರು ಇಂಥ ಹೊತ್ತಿನಲ್ಲಿ ಸೂತ್ರವನ್ನು ಬಿಡುತ್ತಾರೆ. ನಾನು ಫೀಸನ್ನು ಬಿಟ್ಟೆ. ಅದು ಪ್ರತಿ ತಿಂಗಳು ಬರುವ ಖರ್ಚಲ್ಲವಲ್ಲ, ಮೇ ತಿಂಗಳಲ್ಲಿ ಒಮ್ಮೆ, ದಸರಾ ಮುಗಿದ ಮೇಲೆ ಒಮ್ಮೆ. ಅದನ್ನು ಎತ್ತಿ ಪುಟದ ಕೆಳಗೆ ಇನ್ನೊಂದು ಕಾಲಂ ಮಾಡಿ ಅಲ್ಲಿಗೆ ಹಾಕಿದೆ. ಆ ಕಾಲಂಗೆ ಒಂದು ಹೆಸರು ಬೇಕಿತ್ತು. "ಅನಿರೀಕ್ಷಿತ" ಎಂದು ಬರೆದೆ. ಅದಕ್ಕೆ ತಿಂಗಳಿಗೆ 2,000 ರೂಪಾಯಿ ಮಂಜೂರು ಮಾಡಿದೆ. ಈ ಇಡೀ ಕಥೆಯಲ್ಲಿ ನಾನು ಮಾಡಿದ ಅಪರಾಧ ಅದೊಂದೇ. ಉಳಿದದ್ದೆಲ್ಲ ಅದರ ಮಕ್ಕಳು ಮರಿ.

ಮರುದಿನ ರಾತ್ರಿ ಊಟವಾದ ಮೇಲೆ ಅಗತ್ಯ ಯಾವುದು, ಆಸೆ ಯಾವುದು ಎಂದು ತೀರ್ಮಾನಿಸಲು ಮನೆಮಂದಿಯನ್ನೆಲ್ಲ ಸೇರಿಸಿದೆ. ಕಾಫಿಪುಡಿಯ ಮೇಲೆ ಪೆನ್ನು ಇಟ್ಟೊಡನೆ ಅಮ್ಮ, "ಕಾಫಿ ಆಸೆ ಅನ್ನೋ ಹಾಗಿದ್ರೆ ಬೆಳಗ್ಗೆ ಹತ್ತು ಗಂಟೆವರೆಗೂ ಯಾರೂ ನನ್ನ ಮಾತಾಡಿಸಬೇಡಿ" ಎಂದಳು. ಕಾಫಿ ಅಗತ್ಯವಾಯಿತು. ಮಗಳು ಪಿಯುಸಿ, ಅವಳಿಗೆ ಇಂಟರ್ನೆಟ್ ಅಗತ್ಯ. ಏಳನೇ ಕ್ಲಾಸಿನ ಮಗನಿಗೆ ಅಕ್ಕನ ಇಂಟರ್ನೆಟ್ ಅಗತ್ಯ. ನನ್ನ ಕ್ರಿಕೆಟ್ ಬರುವ ಆ್ಯಪ್‌ನ ಚಂದಾ ಮಾನಸಿಕ ಆರೋಗ್ಯದ ಅಡಿಯಲ್ಲಿ ಅಗತ್ಯವಾಯಿತು. ಕೊನೆಗೆ ಆಸೆಯ ಕಾಲಂನಲ್ಲಿ ಉಳಿದದ್ದು ಹೆಂಡತಿಯ ಚೀಟಿ ಒಂದೇ. ತಿಂಗಳಿಗೆ 3,000. ಬೀದಿಯ ಇಪ್ಪತ್ತು ಹೆಂಗಸರು ಸೇರಿ ನಡೆಸುವ ಚೀಟಿ.

"ಚೀಟಿ ಎಲ್ಲ ಹಳೇ ಕಾಲದ್ದು, ಬಿಟ್ಬಿಡು" ಎಂದೆ.

"ಆಯ್ತು ರೀ" ಎಂದಳು.

ಇಷ್ಟು ಬೇಗ ಒಪ್ಪಿದ್ದು ಸಂಶಯಕ್ಕೆ ಕಾರಣವಾಗಬೇಕಿತ್ತು. ಆಗಲಿಲ್ಲ. ಹಣಕಾಸು ಮಂತ್ರಿಗಳಿಗೆ ಧ್ವನಿಮತದಲ್ಲಿ ಪಾಸಾದ ಮಸೂದೆಯ ಮೇಲೆ ಸಂಶಯ ಬರುವುದಿಲ್ಲ.

ನನ್ನ ಅಂದಾಜು ಸರಿಯಿದೆಯೇ ಎಂದು ಪರೀಕ್ಷಿಸಲು ಕೇಂದ್ರ ಸರ್ಕಾರದ ಮನೆಮನೆ ಖರ್ಚಿನ ಸಮೀಕ್ಷೆಯನ್ನೂ ನೋಡಿದೆ. 2023-24ರಲ್ಲಿ ನಗರದ ಒಬ್ಬ ಮನುಷ್ಯನ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ, ಹಳ್ಳಿಯಲ್ಲಿ 4,122. ನಮ್ಮ ಮನೆಯಲ್ಲಿ ಐದು ತಲೆ. 34,980 ಆಯಿತು. ಆ ಲೆಕ್ಕಕ್ಕೆ ನಾನು ತಿಂಗಳಿಗೆ 37,020 ಉಳಿಸುತ್ತಿರಬೇಕು. ಉಳಿಸಿದ್ದು ಎಲ್ಲಿ ಎಂದು ಎರಡು ದಿನ ಮನೆಯೆಲ್ಲ ಹುಡುಕಿದೆ. ಆಮೇಲೆ ತಿಳಿಯಿತು, ಮನೆ ಸಾಲದ ಕಂತು ಆ ಲೆಕ್ಕಕ್ಕೆ ಬರುವುದಿಲ್ಲ. ಸಾಲ ತೀರಿಸುವುದು ಅನುಭೋಗ ಅಲ್ಲವಂತೆ. ನಿಜ, ಇಪ್ಪತ್ತು ವರ್ಷ ಕಂತು ಕಟ್ಟುವವನನ್ನು ಯಾರೂ ಅನುಭವಿಸುತ್ತಿದ್ದಾನೆ ಎನ್ನುವುದಿಲ್ಲ. ಇನ್ನೊಂದು ಸಂಗತಿ, ಸರಾಸರಿ ಮನುಷ್ಯನಿಗೆ ಊರಿನಲ್ಲಿ ಒಬ್ಬ ತಮ್ಮ ಇರುವುದಿಲ್ಲ. ನನಗೆ ಇದ್ದಾನೆ. ಅವನು ಫೋನ್ ಮಾಡಿ ಮೊದಲು ಅಮ್ಮನ ಆರೋಗ್ಯ, ಆಮೇಲೆ ಮಕ್ಕಳ ಓದು, ಆಮೇಲೆ ಬೆಂಗಳೂರಿನ ಮಳೆ ವಿಚಾರಿಸಿದನೆಂದರೆ ಕೈಸಾಲ ಹತ್ತು ಸಾವಿರ ಎಂದೇ ಅರ್ಥ.

ಬಜೆಟ್ಟಿಗೆ ಏಪ್ರಿಲ್ 1 ಜಾರಿಯ ದಿನ ಎಂದು ಗೊತ್ತುಮಾಡಿದ್ದೆ. ಸರ್ಕಾರಗಳೂ ಅದೇ ದಿನವನ್ನು ಗೊತ್ತುಮಾಡಿದ್ದವು. ಬೇವು ಬೆಲ್ಲ ತಿಂದ ಮೂರನೇ ದಿನ ಹಾಲು ಲೀಟರಿಗೆ 4 ರೂಪಾಯಿ ಏರಿತು. ಈ ಹಾಲಿನ ಲೆಕ್ಕ ನೆನಪಿಡುವಂಥದ್ದು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹಾಲು ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ತೆಗೆದುಕೊಂಡಿದ್ದರು. ಈಗ ಆ 50 ಮಿಲಿಲೀಟರ್ ಬಂದ ದಾರಿಯಲ್ಲೇ ವಾಪಸು ಹೋಯಿತು. ಜತೆಗೆ ಬಂದಿದ್ದ 2 ರೂಪಾಯಿ ಮಾತ್ರ, ಹಬ್ಬಕ್ಕೆ ಬಂದ ನೆಂಟನಂತೆ, ಇಲ್ಲೇ ಉಳಿದುಕೊಂಡಿತು. ಅದೇ ದಿನ ಡೀಸೆಲ್ಲಿನ ಮೇಲಿನ ರಾಜ್ಯದ ತೆರಿಗೆ ಏರಿ, ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ನಮ್ಮಲ್ಲಿ ಡೀಸೆಲ್ ಗಾಡಿ ಇಲ್ಲ, ಆದರೆ ನಾವು ತಿನ್ನುವ ಟೊಮೆಟೊ ಲಾರಿಯಲ್ಲೇ ಬರುತ್ತದೆ. ಬೆಂಗಳೂರಿನಲ್ಲಿ ಕಸಕ್ಕೆ ಶುಲ್ಕ ಶುರುವಾದದ್ದೂ ಅಂದೇ. ಕೊಳ್ಳುವಾಗ ಒಮ್ಮೆ, ಎಸೆಯುವಾಗ ಒಮ್ಮೆ.

ಒಂದು ವಾರ ಕಳೆದು, 8ನೇ ತಾರೀಕು, ಅಡುಗೆ ಗ್ಯಾಸ್ 50 ರೂಪಾಯಿ ಏರಿ ಬೆಂಗಳೂರಿನಲ್ಲಿ 855 ದಾಟಿತು. ಈ ಸಿಲಿಂಡರ್ ಇಳಿಯುವಾಗ ಬಹಳ ಸಂಪ್ರದಾಯಸ್ಥ. 2023ರಲ್ಲಿ ರಕ್ಷಾಬಂಧನ ನೋಡಿಕೊಂಡು 200 ಇಳಿಯಿತು. 2024ರಲ್ಲಿ ಮಹಿಳಾ ದಿನ ನೋಡಿಕೊಂಡು 100 ಇಳಿಯಿತು. ಏರುವಾಗ ಮಾತ್ರ ರಾಹುಕಾಲ ಗುಳಿಕಕಾಲ ಏನನ್ನೂ ನೋಡುವುದಿಲ್ಲ. ಬಸ್ಸಿನ ಟಿಕೆಟ್ ಜನವರಿಯಲ್ಲೇ ನೂರಕ್ಕೆ 15ರಷ್ಟು ಏರಿತ್ತು. ಮೆಟ್ರೊದ ಗರಿಷ್ಠ ದರ ಫೆಬ್ರುವರಿಯಲ್ಲಿ 60ರಿಂದ 90ಕ್ಕೆ ಹೋಗಿತ್ತು. ಶಕ್ತಿ ಯೋಜನೆಯ ದಯೆಯಿಂದ ನಮ್ಮ ಮನೆಯ ಮೂವರು ಹೆಂಗಸರ ಬಸ್ ಖರ್ಚು ಸೊನ್ನೆ. ಆ ಸೊನ್ನೆಯನ್ನು ನನ್ನ ಮೆಟ್ರೊ ಕಾರ್ಡಿನ ಹಿಂದೆ ಬರೆದುಕೊಂಡು ಸಮಾಧಾನಪಟ್ಟುಕೊಳ್ಳುತ್ತೇನೆ.

ಹೀಗೆ ಎಲ್ಲ ಸಾಲುಗಳೂ ಕುಸಿಯುವಾಗ ನಮ್ಮ ಮನೆಯಲ್ಲಿ ಒಂದೇ ಒಂದು ಬಜೆಟ್ ಗಟ್ಟಿಯಾಗಿ ನಿಂತಿತು. ಅದು ಕರೆಂಟಿನದು. ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಎಂಬುದು ಮನೆಯ ಪ್ರತಿ ಜೀವಕ್ಕೂ ಗೊತ್ತು. ತಿಂಗಳ ಕೊನೆಯ ವಾರ ಮಗ ಹೋಗಿ ಮೀಟರ್ ನೋಡಿಕೊಂಡು ಬರುತ್ತಾನೆ, "ನೂರಾ ಎಂಬತ್ತಾರು" ಎಂದು ಸ್ಕೋರ್ ಹೇಳುತ್ತಾನೆ, ಏಪ್ರಿಲ್ಲಿನ ಬೇಗೆಯಲ್ಲೂ ಅಮ್ಮ ಫ್ಯಾನ್ ಆರಿಸಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾಳೆ. ಮಿತಿ ಎಲ್ಲಿದೆ ಎಂದು ಗೊತ್ತಿದ್ದು, ದಾಟಿದರೆ ಏಟು ಬೀಳುತ್ತದೆ ಎಂದು ಗೊತ್ತಿದ್ದರೆ, ನಾವೂ ಲೆಕ್ಕ ಬಲ್ಲ ಜನವೇ. ನಮ್ಮ ಸಂಬಳಕ್ಕೂ ಒಂದು ಮೀಟರ್ ಗೋಡೆಯ ಮೇಲೆ ಇದ್ದಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಅಕ್ಷಯ ತೃತೀಯ. ಅದಕ್ಕೆ ಎಂಟು ದಿನ ಮುಂಚೆ ಅಪರಂಜಿ ಚಿನ್ನ 10 ಗ್ರಾಮಿಗೆ ಒಂದು ಲಕ್ಷ ಮುಟ್ಟಿತ್ತು. "ಈ ವರ್ಷ ಚಿನ್ನದ ಮಾತೇ ಬೇಡ, ಅದು ಆಸೆ" ಎಂದು ನಾನು ಆದೇಶ ಹೊರಡಿಸಿದೆ. "ಅದು ಉಳಿತಾಯ ಕಣ್ರೀ" ಎಂದಳು ಹೆಂಡತಿ. ವರ್ಷದ ಆರಂಭದಲ್ಲಿ ಅದೇ ಹತ್ತು ಗ್ರಾಮ್ 80 ಸಾವಿರದ ಆಸುಪಾಸಿನಲ್ಲಿತ್ತು. ಆಗಲೂ ಅವಳು ಕೇಳಿದ್ದಳು, ಆಗಲೂ ನಾನು ಆಸೆ ಎಂದಿದ್ದೆ. ನಾನು ಉಳಿತಾಯ ಎಂದು ಬರೆದು ಹಾಕಿದ ಷೇರುಗಳು ಎಲ್ಲಿದ್ದವು ಎಂಬುದನ್ನು ಇಲ್ಲಿ ಹೇಳುವ ಅಗತ್ಯ ಕಾಣುವುದಿಲ್ಲ.

ಮೇ ತಿಂಗಳ ಎರಡನೇ ವಾರ ಸ್ಕೂಲು ಮತ್ತು ಕಾಲೇಜಿನಿಂದ ಮೆಸೇಜು ಬಂತು. ಮೊದಲ ಕಂತು, ಎರಡೂ ಸೇರಿ 60,000. "ಇದೇನು ಇದ್ದಕ್ಕಿದ್ದ ಹಾಗೆ!" ಎಂದೆ. ಇದ್ದಕ್ಕಿದ್ದ ಹಾಗೆ! ಮಗ ಎಲ್‌ಕೆಜಿ ಸೇರಿದಾಗಿನಿಂದ ಪ್ರತಿ ಮೇ ತಿಂಗಳು ಅದೇ ಮೆಸೇಜು, ಅದೇ ವಾರ, ನನ್ನ ಬಾಯಿಂದ ಅದೇ ಮಾತು. ಅನಿರೀಕ್ಷಿತದ ಡಬ್ಬಿಯಲ್ಲಿ ಎರಡು ತಿಂಗಳದ್ದು ಸೇರಿ 4,000 ಇರಬೇಕಿತ್ತು. ಅದನ್ನೂ ಬೈಕಿನ ಇನ್ಶೂರೆನ್ಸ್ ತಿಂದಿತ್ತು. ಅದೂ ಪ್ರತಿವರ್ಷ ಅದೇ ತಾರೀಕಿಗೆ ಅನಿರೀಕ್ಷಿತವಾಗಿ ಬರುತ್ತದೆ.

ಹೆಂಡತಿ ಒಳಗೆ ಹೋಗಿ ಬಂದಳು. ಕೈಯಲ್ಲಿ ಒಂದು ಕವರು, ಒಂದು ಡಬ್ಬಿ. ಕವರಿನಲ್ಲಿ 53,000, ಡಬ್ಬಿಯಲ್ಲಿ 7,000.

"ಚೀಟಿ ಎತ್ತಿದೆ ರೀ. ಅರವತ್ತರದ್ದು, ಕೂಗು ಕಳೆದು ಇಷ್ಟು ಸಿಕ್ತು."

"ಚೀಟಿ ಬಿಡು ಅಂದಿದ್ದೆನಲ್ಲ?"

"ನೀವು ಅಂದ್ರಿ. ನಾನು ಆಯ್ತು ಅಂದೆ. ಬಿಟ್ಟೆ ಅಂದ್ನಾ?"

ತಿಂಗಳಿಗೆ 3,000 ಎಲ್ಲಿಂದ ಬಂತು ಎಂದು ಕೇಳಿದೆ. ಮೂರು ವರ್ಷದಿಂದ ಮಧ್ಯಾಹ್ನ ಹೊತ್ತು ಅವಳು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಾಳೆ. ತಿಂಗಳಿಗೆ ನಾಲ್ಕೂವರೆ ಸಾವಿರ ಬರುತ್ತದೆ. ಬಣ್ಣಬಣ್ಣದ ರೇಷ್ಮೆ ದಾರ ಸೋಫಾದ ಸಂದಿಯಲ್ಲೆಲ್ಲ ಸಿಗುತ್ತಿತ್ತು, ನಾನು ಅವುಗಳನ್ನು ತೆಗೆದು ಕಸದ ಬುಟ್ಟಿಗೆ ಹಾಕುತ್ತಿದ್ದೆ. ನನ್ನ ವಾಸ್ತವ ಬಜೆಟ್ಟಿನಲ್ಲಿ ಆದಾಯ ಎಂಬ ಕಾಲಂನಲ್ಲಿ ನನ್ನ ಸಂಬಳ ಒಂದೇ ಇತ್ತು. ಆಯ 14 ಎಂದು ಪುರೋಹಿತರು ದೇವಸ್ಥಾನದಲ್ಲಿ ಮೈಕು ಹಿಡಿದು ಹೇಳಿದ್ದರು. ಇಡೀ ಬೀದಿಗೆ ಕೇಳಿಸಿತ್ತು.

ಜೂನ್ ಕೊನೆಗೆ ಆಷಾಢ. ನಮ್ಮ ಹಿರಿಯರು ವರ್ಷದಲ್ಲಿ ಒಂದು ತಿಂಗಳಾದರೂ ಜೇಬಿಗೆ ವಿಶ್ರಾಂತಿ ಇರಲಿ ಎಂದು ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ ಎಂದು ಇಟ್ಟ ತಿಂಗಳು. ಆ ಖಾಲಿ ಜಾಗವನ್ನು ಅಂಗಡಿಯವರು ನೋಡಿದರು, ಆಷಾಢ ಸೇಲ್ ಎಂದು ಬೋರ್ಡು ಹಾಕಿದರು. ಅರ್ಧ ಬೆಲೆಗೆ ಸಿಗುತ್ತದೆಂದು ನಾನು ಎರಡರಷ್ಟು ಶರ್ಟು ತಂದೆ. ಉಳಿತಾಯವೇ ಆಯಿತು ಎಂದು ಮನೆಯಲ್ಲಿ ವಿವರಿಸಿದೆ. ಯಾರೂ ಪ್ರಶ್ನೆ ಕೇಳಲಿಲ್ಲ. ಆದರೆ ಅಂದು ರಾತ್ರಿ ಮಗಳು, "ಅಪ್ಪ, ಎಲ್ಲರ ಖರ್ಚೂ ಹಾಕೋಣ ಅಂದಿದ್ರಲ್ಲ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೀಲಾ?" ಎಂದಳು. ಪಾರದರ್ಶಕತೆಯ ಬಗ್ಗೆ ಮೊದಲ ಸಭೆಯಲ್ಲೇ ನಾನು ಭಾಷಣ ಮಾಡಿದ್ದರಿಂದ ಬೇಡ ಎನ್ನಲಾಗಲಿಲ್ಲ.

ಒಂದು ತಿಂಗಳಿಗೆ ಹತ್ತೊಂಬತ್ತು ಪುಟ. ಹಿಂದೆಲ್ಲ ನೋಟು ಮುರಿಸುವಾಗ ಕೈ ಸ್ವಲ್ಪ ಹಿಂಜರಿಯುತ್ತಿತ್ತು, ಜೇಬು ತೆಳ್ಳಗಾದದ್ದು ತೊಡೆಗೆ ತಿಳಿಯುತ್ತಿತ್ತು. ಯುಪಿಐ ಬಂದಮೇಲೆ ದುಡ್ಡು ಹೋಗುವ ಸದ್ದು ನಮಗೆ ಕೇಳಿಸುವುದಿಲ್ಲ, ಅಂಗಡಿಯವನ ಡಬ್ಬಕ್ಕೆ ಬಂದ ಸದ್ದು ಮಾತ್ರ ಬೀದಿಗೆಲ್ಲ ಕೇಳಿಸುತ್ತದೆ. ಹೆಂಡತಿ ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದಳು. ಹದಿನೇಳು ಕಡೆ ಪೆನ್ಸಿಲ್ ಗುರುತು ಹಾಕಿದಳು.

"ರೀ, ಇದ್ಯಾರಿದು ಹೆಂಗಸು? ಒಂದೇ ತಿಂಗಳಲ್ಲಿ ಹದಿನೇಳು ಸಲ ಎಂಬತ್ತು ರೂಪಾಯಿ ಕಳಿಸಿದೀರಿ?"

ಮೆಟ್ರೊ ಸ್ಟೇಷನ್ ಪಕ್ಕ ಮೆಣಸಿನಕಾಯಿ ಬಜ್ಜಿಯ ಗಾಡಿ ಇದೆ. ಖಾತೆ ಗಾಡಿಯವನ ಹೆಂಡತಿಯ ಹೆಸರಿನಲ್ಲಿದೆ. ಇದನ್ನು ನಂಬಿಸಲು ನಾನು ನನ್ನ ಹೆಂಡತಿಯನ್ನು ಗಾಡಿಯವರೆಗೆ ಕರೆದುಕೊಂಡು ಹೋಗಬೇಕಾಯಿತು. ಹೋದ ಮೇಲೆ ಇಬ್ಬರೂ ತಿಂದೆವು, ಅಮ್ಮನಿಗೂ ಮಕ್ಕಳಿಗೂ ಕಟ್ಟಿಸಿಕೊಂಡೂ ಬಂದೆವು. 17 ಸಲ 80 ಎಂದರೆ 1,360. ಬಜೆಟ್ಟಿನಲ್ಲಿ "ನನ್ನ ಕೈಖರ್ಚು" ಎಂದು ನಾನು ತೋರಿಸಿದ್ದು 500. ಮನೆಮಂದಿಯ ಮುಂದೆ ತ್ಯಾಗಮೂರ್ತಿಯಂತೆ ಕಾಣಲು ಬರೆದ ಅಂಕಿ ಅದು. ಅದೃಷ್ಟಕ್ಕೆ, ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ನಗರದ ಗಾಡಿಗಳ ಮೇಲೆಲ್ಲ "ನೋ ಯುಪಿಐ, ಓನ್ಲಿ ಕ್ಯಾಶ್" ಎಂಬ ರಟ್ಟು ನೇತಾಡಿತು. ನಮ್ಮ ಬಜ್ಜಿ ಗಾಡಿಯಲ್ಲೂ. ಅವನು ತೆರಿಗೆಯವರಿಂದ ತಪ್ಪಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ, ನಾನು ಮನೆಯವರಿಂದ ಸ್ವಲ್ಪ ದಿನ ತಪ್ಪಿಸಿಕೊಂಡೆ.

ಆಗಸ್ಟ್ 8 ವರಮಹಾಲಕ್ಷ್ಮಿ. ಹಿಂದಿನ ಎರಡು ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರ ಕೆಜಿಗೆ ಸಾವಿರಗಳಲ್ಲಿ ಮಾತಾಡುತ್ತದೆ, ಬಾಳೆಕಂದಿಗೂ ತಲೆ ತಿರುಗುತ್ತದೆ. ಐಶ್ವರ್ಯದ ದೇವಿಯನ್ನು ಮನೆಗೆ ಕರೆಯಲು ಮನೆಯಲ್ಲಿದ್ದ ಐಶ್ವರ್ಯವನ್ನು ಮೊದಲು ಹೊರಗೆ ಕಳಿಸಬೇಕು. 26ಕ್ಕೆ ಗೌರಿ, 27ಕ್ಕೆ ಗಣೇಶ. "ಒಂದರ ಹಿಂದೆ ಒಂದು, ಅನಿರೀಕ್ಷಿತ ಖರ್ಚು ನೋಡು" ಎಂದು ನಾನು ಗೊಣಗಿದ್ದು ಮಗನ ಕಿವಿಗೆ ಬಿತ್ತು.

"ಗಣೇಶ ಹಬ್ಬ ಅನಿರೀಕ್ಷಿತನಾ ಅಪ್ಪ?" ಎಂದ.

ಅಲ್ಲ. ಸರ್ಕಾರ ಹಿಂದಿನ ವರ್ಷ ಮುಗಿಯುವ ಮುನ್ನವೇ ರಜೆಯ ಪಟ್ಟಿ ಹೊರಡಿಸುತ್ತದೆ. ಅದು ಕೈಗೆ ಬಂದೊಡನೆ ಗಣೇಶ ಬುಧವಾರವೋ ಶುಕ್ರವಾರವೋ, ಪಕ್ಕದಲ್ಲಿ ಒಂದು ದಿನ ರಜೆ ಹಾಕಿದರೆ ಎಷ್ಟು ದಿನ ಸಿಗುತ್ತದೆ ಎಂದು ಎಣಿಸಿ ಜನವರಿಯಲ್ಲೇ ಆಫೀಸಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನುಷ್ಯ ನಾನು. ರಜೆಯಾಗಿ ಬರುವ ಗಣೇಶ ನನಗೆ ಎಂಟು ತಿಂಗಳು ಮುಂಚೆ ಗೊತ್ತು. ಖರ್ಚಾಗಿ ಬರುವ ಗಣೇಶ ಮಾತ್ರ ಪ್ರತಿವರ್ಷ ಅನಿರೀಕ್ಷಿತ.

ಅದೇ ಸಂಜೆ ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರು. ನೂರು ರೂಪಾಯಿ ತೆಗೆದೆ. ಅವರಲ್ಲೊಬ್ಬ ಹಳೆಯ ರಸೀದಿ ಪುಸ್ತಕ ತೆರೆದು, "ಅಂಕಲ್, ಹೋದ ವರ್ಷ ಐನೂರು ಕೊಟ್ಟಿದ್ರಿ. ಅದರ ಹಿಂದಿನ ವರ್ಷ ಮುನ್ನೂರು. ಈ ಸಲ ಏಳ್ನೂರು ಅಂತ ಬರ್ಕೊಂಡಿದೀವಿ" ಎಂದ. ಕಳೆದ ಸಾಲಿನ ವಾಸ್ತವಿಕ, ಈ ಸಾಲಿನ ಅಂದಾಜು, ಎರಡೂ ಒಂದೇ ಪುಟದಲ್ಲಿ. ಪೆಂಡಾಲು, ಮೂರ್ತಿ, ಆರ್ಕೆಸ್ಟ್ರಾ, ವಿಸರ್ಜನೆಯ ಟೆಂಪೊ ಎಲ್ಲದಕ್ಕೂ ಲೆಕ್ಕ ಇತ್ತು. ನಮ್ಮ ಬೀದಿಯಲ್ಲಿ ವಾಸ್ತವಕ್ಕೆ ಹತ್ತಿರವಾದ ಬಜೆಟ್ ಇದ್ದದ್ದು ಆ ಹದಿನಾರು ವರ್ಷದ ಹುಡುಗರ ಹತ್ತಿರ. ಏಳ್ನೂರು ಕೊಟ್ಟೆ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತು. ಸೋಪು, ಶಾಂಪೂ, ಟೂತ್‌ಪೇಸ್ಟು 18ರಿಂದ 5ಕ್ಕೆ. ನಮ್ಮ ಮನೆಗೆ ಅದರಿಂದ ತಿಂಗಳಿಗೆ ಅರವತ್ತು ಚಿಲ್ಲರೆ ಉಳಿತಾಯ. ನಿಜವಾದ ಉಳಿತಾಯ ಕಂಡು ಆರು ತಿಂಗಳಾಗಿದ್ದ ನನಗೆ ಹುರುಪು ಬಂತು. ಇನ್ನೂ ಎಲ್ಲೆಲ್ಲಿ ಉಳಿಸಬಹುದು ಎಂದು ಪಟ್ಟಿ ಓದಿದೆ. 32 ಇಂಚಿಗಿಂತ ದೊಡ್ಡ ಟಿವಿ 28ರಿಂದ 18ಕ್ಕೆ ಇಳಿದಿತ್ತು. ಒಂದು ಹೊತ್ತಿನಲ್ಲಿ ಮೂರು ಸಾವಿರ ಉಳಿಸುವ ಅವಕಾಶ. 36,000 ಕೊಟ್ಟು ಉಳಿಸಿದೆ. ಹನ್ನೆರಡು ಕಂತು, ತಿಂಗಳಿಗೆ 3,000. ಹಳೆಯ ಟಿವಿ ಕೆಟ್ಟಿರಲಿಲ್ಲ, ಅದು ಈಗ ಅಮ್ಮನ ರೂಮಿನಲ್ಲಿದೆ, ಕರೆಂಟಿನ ಸ್ಕೋರು 194ಕ್ಕೆ ಬಂದಿದೆ.

ಇಷ್ಟೆಲ್ಲ ಆದಮೇಲೆ, ಕಾರ್ತಿಕದ ಒಂದು ಭಾನುವಾರ, ಒಂದು ಮದುವೆಯ ಕರೆಯೋಲೆ ಬಂತು. "ಇವರದ್ದೂ ಈಗಲೇ ಬರಬೇಕಿತ್ತಾ" ಎಂದೆ. ಅಮ್ಮ ಏನೂ ಹೇಳದೆ ಬೀರುವಿನಿಂದ ಒಂದು ಉದ್ದ ನೋಟ್‌ಬುಕ್ ತಂದಳು. ರಟ್ಟು ಕಿತ್ತು ಬಟ್ಟೆ ಅಂಟಿಸಿದ್ದ ಮುಯ್ಯಿ ಪುಸ್ತಕ. ನನ್ನ ಮದುವೆಯಿಂದ ಹಿಡಿದು ನಮ್ಮ ಮನೆಯ ಗೃಹಪ್ರವೇಶದವರೆಗೆ ಯಾರು ಎಷ್ಟು ಓದಿಸಿದರು, ಯಾರು ಸ್ಟೀಲ್ ಕೊಡ ಕೊಟ್ಟರು, ಯಾರು ಬರದೆ ಕಳಿಸಿಕೊಟ್ಟರು, ಎಲ್ಲ ಇತ್ತು. ನಾವು ತಿರುಗಿ ಹಾಕಿದ್ದರ ಮುಂದೆ ಒಂದು ಗೀಟು, ಇನ್ನೂ ಹಾಕಬೇಕಾದ್ದರ ಮುಂದೆ ಖಾಲಿ.

"ಇವರು ನಿನ್ನ ಮದುವೇಲಿ 51 ಹಾಕಿದ್ರು. ಆಗಿನ 51. ಈಗ ಸಾವಿರದ ಒಂದಕ್ಕೆ ಕಮ್ಮಿ ಮಾಡಿದ್ರೆ ಮರ್ಯಾದೆ ಇರಲ್ಲ" ಎಂದಳು. ಆಮೇಲೆ ಖಾಲಿ ಇದ್ದ ಹೆಸರುಗಳ ಮೇಲೆ ಬೆರಳಾಡಿಸುತ್ತ, "ಇವರ ಮಗಳಿಗೆ ಮಾಘದಲ್ಲಿ ಮಾಡ್ತಾರೆ. ಇವರ ಮೊಮ್ಮಗನ ನಾಮಕರಣ ಪುಷ್ಯ ಕಳೆದ ಮೇಲೆ. ಇವರು ಮನೆ ಕಟ್ಟಿಸ್ತಿದಾರೆ, ವೈಶಾಖದಲ್ಲಿ ಗೃಹಪ್ರವೇಶ. ನಿನಗೆ ಯಾವುದು ಗೊತ್ತಿಲ್ಲದೆ ಬರತ್ತೆ ಹೇಳು?" ಎಂದಳು. ಹಣದುಬ್ಬರ, ಬಾಕಿ ಹೊಣೆ, ಮುಂದಿನ ಮೂರು ತ್ರೈಮಾಸಿಕದ ಮುನ್ನೋಟ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು.

ಅಂದು ಮಧ್ಯಾಹ್ನ ಗೋಡೆಯ ಕ್ಯಾಲೆಂಡರನ್ನೂ ಮುಯ್ಯಿ ಪುಸ್ತಕವನ್ನೂ ಮುಂದಿಟ್ಟುಕೊಂಡು, ನಾನು ಅನಿರೀಕ್ಷಿತ ಎಂದು ಕರೆಯುತ್ತಿದ್ದವನ್ನೆಲ್ಲ ತಾರೀಕು ಸಮೇತ ಬರೆದೆವು. ಮಕ್ಕಳ ಫೀಸು 1,20,000. ವಿಮೆಗಳು 26,000. ಮನೆ ಕಂದಾಯ 6,000. ಅದನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ, ನಾನು ಯಾವಾಗಲೂ ಜೂನ್‌ನಲ್ಲಿ ಗಾಬರಿಯಾಗುತ್ತೇನೆ. ಹಬ್ಬಗಳು 40,000. ಮುಯ್ಯಿ, ಉಡುಗೊರೆ 24,000. ಬೈಕು, ಮೋಟಾರು, ನಲ್ಲಿ, ಅಮ್ಮನ ಕನ್ನಡಕ ಇತ್ಯಾದಿ ರಿಪೇರಿ 24,000. ಒಟ್ಟು 2,40,000. ತಿಂಗಳಿಗೆ 20,000. ನಾನು ಮಂಜೂರು ಮಾಡಿದ್ದು 2,000. ಒಂದೇ ಒಂದು ಸೊನ್ನೆ ಬಿಟ್ಟುಹೋಗಿತ್ತು.

ಈಗ ವಾಸ್ತವ ಬಜೆಟ್ ಕೇಳಿ. ಆದಾಯ 72,000 ಮತ್ತು ಕುಚ್ಚಿನ 4,500, ಸೇರಿ 76,500. ಮನೆ ಕಂತು 27,500. ಹಿಂದೆ ಅನಿರೀಕ್ಷಿತ ಎನಿಸಿಕೊಂಡಿದ್ದ ನಿರೀಕ್ಷಿತಗಳು 20,000. ಚೀಟಿ 3,000. ಉಳಿತಾಯ ಮಾಡಿ ತಂದ ಟಿವಿಯ ಕಂತು 3,000. ಮಿಕ್ಕ 23,000ದಲ್ಲಿ ಐವರ ಅಕ್ಕಿ, ಬೇಳೆ, ಹಾಲು, ಗ್ಯಾಸು, ಮೆಟ್ರೊ, ಔಷಧಿ, ಇಂಟರ್ನೆಟ್, ಕಾಫಿಪುಡಿ ಮತ್ತು ಬಜ್ಜಿ. ಬಜ್ಜಿ ಈಗ ತನ್ನ ಹೆಸರಿನಲ್ಲೇ, 1,360 ಎಂದು, ಪಟ್ಟಿಯಲ್ಲಿದೆ. ಊರಿನ ತಮ್ಮನಿಗೂ ಒಂದು ಸಾಲು ಇದೆ. ಉಳಿತಾಯ 20 ಭಾಗ ಎಲ್ಲಿ ಎಂದು ಕೇಳಬೇಡಿ. ನಾಲ್ಕು ಭಾಗಕ್ಕೂ ಒಂದು ಕೂದಲೆಳೆ ಕಡಿಮೆ, ಅದೂ ನಾನು ರದ್ದುಮಾಡಿದ್ದ ಚೀಟಿಯಿಂದ. ನೋಡಲು ಚೆನ್ನಾಗಿಲ್ಲ. ವಾಸ್ತವದ ಲಕ್ಷಣವೇ ಅದು.

ಬೆಲೆ ಏರಿಸಿದವರನ್ನು ಬೈಯುವ ಹಕ್ಕು ನಮಗೆ ಖಂಡಿತ ಇದೆ, ಹಾಲಿನ ಆ 50 ಮಿಲಿಲೀಟರನ್ನು ನಾನು ಸುಲಭಕ್ಕೆ ಮರೆಯುವವನಲ್ಲ. ಆದರೆ ತಿಂಗಳಿಗೆ 240 ರೂಪಾಯಿಯ ಹಾಲಿನ ಏರಿಕೆಗೆ ಟಿವಿ ಮುಂದೆ ಕೂಗಾಡಿ, 18,000 ರೂಪಾಯಿಯ ಸುಳ್ಳನ್ನು ನನ್ನ ಕೈಬರಹದಲ್ಲೇ ಬರೆದಿಟ್ಟಿದ್ದೆನಲ್ಲ, ಅದಕ್ಕೆ ಯಾವ ಸರ್ಕಾರವನ್ನು ಕೇಳಲಿ? ಬಜೆಟ್ ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಸೂತ್ರ ಹುಡುಕುವ ಮುನ್ನ ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಮುಯ್ಯಿ ಪುಸ್ತಕ ಕೇಳಿ. ಸೋಫಾದ ಸಂದಿಯಲ್ಲಿ ರೇಷ್ಮೆ ದಾರ ಸಿಕ್ಕರೆ ಎಸೆಯಬೇಡಿ, ಯಾರದೆಂದು ವಿಚಾರಿಸಿ. "ಅನಿರೀಕ್ಷಿತ" ಎಂಬ ಕಾಲಂಗೆ ಆಸ್ಪತ್ರೆಯನ್ನೂ ಸಾವನ್ನೂ ಬಿಟ್ಟು ಬೇರೆ ಯಾವುದನ್ನೂ ಸೇರಿಸಬೇಡಿ. ಗಣೇಶನನ್ನಂತೂ ಬೇಡವೇ ಬೇಡ.

ಏಕೆಂದರೆ ಬರಬೇಕಾದದ್ದೆಲ್ಲ ಎಲ್ಲೋ ಒಂದು ಕಡೆ ಆಗಲೇ ಅಚ್ಚಾಗಿರುತ್ತದೆ. ಸಂವತ್ಸರಗಳ ಹೆಸರು ಅರವತ್ತು, ನಮ್ಮ ಪಂಚಾಂಗದಲ್ಲಿ ಅವು ಸಾಲು ತಪ್ಪಿ ಬರುವುದಿಲ್ಲ. ವಿಶ್ವಾವಸು ಆದಮೇಲೆ ಬರುವ ಸಂವತ್ಸರದ ಹೆಸರು ಪರಾಭವ.